ಕ್ಯಾಪ್ಟನ್ ಕುಕ್‌ನ ಅಪ್ಪನ ಊರು ಹುಡುಕಿಕೊಂಡು

ನಮ್ಮದು ಅಳಿಯಕಟ್ಟಿನ, ಅಂದರೆ ಅಮ್ಮನ ಕಡೆಯಿಂದ ವಂಶ ಎಣಿಸುವ ಮನೆತನ. ನನ್ನ ದೊಡ್ಡಮಾವ ನಿವೃತ್ತರಾದ ಮೇಲೆ ಎರಡು ವರ್ಷ ಮೂಲ ನಾಗಬನ ಹುಡುಕುತ್ತಾ ತಿರುಗಿದರು. ಕುಂದಾಪುರದ ಸುತ್ತಲಿನ ಊರುಗಳಲ್ಲಿ ಯಾರೋ ಮುದುಕರು ನೆನಪಿಟ್ಟುಕೊಂಡಿದ್ದ ಒಂದು ಮನೆಯ ಹೆಸರು, ಒಂದು ಹಾಡಿಯ, ಅಂದರೆ ಊರಂಚಿನ ಕಾಡಿನ ಗುರುತು, ಅಷ್ಟೇ ಅವರ ಕೈಯಲ್ಲಿದ್ದ ದಾಖಲೆ. ಕೊನೆಗೊಂದು ದಿನ ಹಾಡಿಯೊಳಗೆ ಪಾಚಿಗಟ್ಟಿದ ನಾಗನ ಕಲ್ಲು ಸಿಕ್ಕಿದಾಗ ಅಲ್ಲಿಂದಲೇ ಫೋನ್ ಮಾಡಿದರು. ಮಾತು ಹೊರಡಲಿಲ್ಲ, ಅಳು ಮಾತ್ರ ಕೇಳಿಸಿತು.

ಅವರ ಸೋದರಮಾವ, ನಮಗೆಲ್ಲ ಅಜ್ಜಯ್ಯ, ಗಂಗೊಳ್ಳಿಯಿಂದ ಮುಂಬೈಗೆ ಹೆಂಚು ಒಯ್ಯುತ್ತಿದ್ದ ಮಂಜಿ ಎಂಬ ಹಾಯಿಹಡಗಿನ ತಾಂಡೇಲ, ಅಂದರೆ ನಾಯಕ. ಅವರ ಕತೆಗಳನ್ನು ಕೇಳಿ ಬೆಳೆದ ನನಗೆ ಶಾಲೆಯ ಪುಸ್ತಕದಲ್ಲಿದ್ದ, ಶಾಂತ ಸಾಗರ ಸುತ್ತಿದ ಇಂಗ್ಲಿಷ್ ನಾವಿಕ ಕ್ಯಾಪ್ಟನ್ ಜೇಮ್ಸ್ ಕುಕ್ ಅಪರಿಚಿತ ಅನ್ನಿಸಲಿಲ್ಲ. ಯಾರ್ಕ್‌ಷೈರ್‌ನಲ್ಲಿ ಹುಟ್ಟಿದ ಆ ಕುಕ್‌ನ ತಂದೆ ಸ್ಕಾಟ್ಲೆಂಡಿನ ಎಡ್ನಮ್ ಎಂಬ ಪುಟ್ಟ ಹಳ್ಳಿಯವನು ಎಂದು ತಿಳಿದದ್ದು ಮಗಳು ಓದಲು ಎಡಿನ್‌ಬರೋಗೆ ಹೋದ ಮೇಲೆ. ಕಳೆದ ಮೇ ತಿಂಗಳಲ್ಲಿ ಅವಳನ್ನು ನೋಡಲು ಹೋದಾಗ ಐದು ದಿನ ಬಿಡುವು ಮಾಡಿಕೊಂಡೆ. ಮಗನ ಬೆನ್ನು ಹತ್ತಿದವರು ಟಹೀಟಿಗೂ ಹವಾಯಿಗೂ ಹೋಗುತ್ತಾರೆ. ನಾನು ಅಪ್ಪನ ಹೆಜ್ಜೆ ಹಿಡಿದು ಹೋದೆ.

ಮೊದಲನೆಯ ದಿನ: ಎಡಿನ್‌ಬರೋ, ಎಡ್ನಮ್

ಬೆಳಿಗ್ಗೆ ರಾಬರ್ಟ್ ಆಡಮ್ ವಿನ್ಯಾಸ ಮಾಡಿದ ದಾಖಲೆಗಳ ಕಟ್ಟಡದಲ್ಲಿ ಕುಳಿತೆ. ಸ್ಕಾಟ್ಲೆಂಡಿನ ಹಳೆಯ ಚರ್ಚ್ ದಾಖಲೆಗಳನ್ನು ಇಲ್ಲಿ ಕಂಪ್ಯೂಟರಿನಲ್ಲಿ ನೋಡಬಹುದು. ಆಸನವನ್ನು ಮೊದಲೇ ಕಾದಿರಿಸಿದರೆ ಒಳ್ಳೆಯದು, ಮಗಳು ಆ ಕೆಲಸ ಮಾಡಿಟ್ಟಿದ್ದಳು. ತೆರೆಯ ಮೇಲೆ ಮೂಡಿದ ಬರಹ ನಮ್ಮ ಹಳೆಯ ಕಡತಗಳ ಮೋಡಿ ಲಿಪಿಯಷ್ಟೇ ಜಟಿಲ. ಅಕ್ಷರಕ್ಕೆ ಅಕ್ಷರ ಅಂಟಿಕೊಂಡು ಬಳ್ಳಿಯಂತೆ ಓಡುತ್ತದೆ. ಮುದ್ರಿತ ಪ್ರತಿಯ ಸಹಾಯ ಪಡೆದು, ಬೆರಳಿಟ್ಟು ಓದಿದೆ: 1693ರ ಜನವರಿಯಲ್ಲಿ ಎಡ್ನಮ್‌ನಲ್ಲಿ ಜಾನ್ ಕುಕ್ ಮತ್ತು ಜೀನ್ ಡಂಕನ್ ಅವರ ಮದುವೆ. ಮರುವರ್ಷ ಮಾರ್ಚ್‌ನಲ್ಲಿ ಅವರ ಮಗ ಜೇಮ್ಸ್‌ನ ದೀಕ್ಷಾಸ್ನಾನ. ನಾನು ಹುಡುಕಿಬಂದ ಅಪ್ಪ ಈತನೇ.

ಸ್ಕಾಟ್ಲೆಂಡಿನ ದಾಖಲೆಗಳಲ್ಲಿ ಮದುವೆಯಾದ ಹೆಂಗಸಿನ ತವರಿನ ಹೆಸರು ಅಳಿಸಿಹೋಗುವುದಿಲ್ಲ. ಜೀನ್ ಡಂಕನ್ ಮದುವೆಯ ನಂತರವೂ ಜೀನ್ ಡಂಕನ್ ಆಗಿಯೇ ಉಳಿದಿದ್ದಾಳೆ. ಅಮ್ಮನ ಕುಲದಿಂದ ಗುರುತಿಸಿಕೊಳ್ಳುವ ಮನೆತನದಲ್ಲಿ ಹುಟ್ಟಿದ ನನಗೆ ಇದು ದೊಡ್ಡ ಸಮಾಧಾನ ಕೊಟ್ಟಿತು. ವಂಶ ಹುಡುಕುವವರಿಗೆ ಇದು ಅನುಕೂಲವೂ ಹೌದು, ಇಂಗ್ಲೆಂಡಿನ ದಾಖಲೆಗಳಲ್ಲಿ ಹೆಂಡತಿಯ ತವರು ಹುಡುಕಲು ಮದುವೆಯ ಪುಟದವರೆಗೂ ಹೋಗಬೇಕು.

ಮಧ್ಯಾಹ್ನದ ರೈಲು ಟ್ವೀಡ್‌ಬ್ಯಾಂಕ್‌ವರೆಗೆ, ಅಲ್ಲಿಂದ ಬಸ್ಸು ಕೆಲ್ಸೊಗೆ. ಕೆಲ್ಸೊ ಕಲ್ಲುಹಾಸಿನ ದೊಡ್ಡ ಚೌಕದ ಪೇಟೆ. ಟ್ವೀಡ್ ಮತ್ತು ಟೀವಿಯಟ್ ನದಿಗಳು ಕೂಡುವುದು ಇಲ್ಲಿಯೇ. ಬೇಕರಿಯಲ್ಲಿ ಸೆಲ್ಕರ್ಕ್ ಬ್ಯಾನಕ್ ಎಂಬ ಒಣದ್ರಾಕ್ಷಿ ತುಂಬಿದ ದಪ್ಪ ಬ್ರೆಡ್ಡಿನ ತುಂಡು ತಿಂದೆ. ಬೆಣ್ಣೆ ಸವರಿ ಕೊಟ್ಟ ಹೆಂಗಸು, "ಎಡ್ನಮ್‌ಗೆ ನಡೆದೇ ಹೋಗಿ, ಇಷ್ಟು ಚೆಂದದ ಬಿಸಿಲು ನಾಳೆ ಇರುವುದಿಲ್ಲ" ಎಂದಳು. ಸುಮಾರು ನಾಲ್ಕು ಕಿಲೋಮೀಟರ್ ದಾರಿ. ಎರಡೂ ಬದಿ ಸಾಸಿವೆಯ ಜಾತಿಯ ಎಣ್ಣೆಬೀಜದ ಹೊಲಗಳು ಕಣ್ಣು ಕುಕ್ಕುವ ಹಳದಿಯಾಗಿದ್ದವು. ಹುರಿದ ಜೇನಿನಂಥ ವಾಸನೆ ಗಾಳಿಯಲ್ಲಿ ತುಂಬಿತ್ತು.

ಎಡ್ನಮ್ ಅಂದರೆ ಒಂದು ಬೀದಿ, ಈಡನ್ ಎಂಬ ಹೊಳೆ, ಹೊಳೆಗೊಂದು ಸೇತುವೆ, ಒಂದು ಚರ್ಚು. ಇಷ್ಟು ಸಣ್ಣ ಊರಿನಲ್ಲಿ ಹುಟ್ಟಿದವರನ್ನು ನೋಡಿ: ಬ್ರಿಟನ್ನಿನ ಅಲೆಗಳ ಒಡೆತನವನ್ನು ಹಾಡಿದ "ರೂಲ್ ಬ್ರಿಟಾನಿಯಾ"ದ ಕವಿ ಜೇಮ್ಸ್ ಥಾಮ್ಸನ್ 1700ರಲ್ಲಿ ಇಲ್ಲಿ ಹುಟ್ಟಿದ. ಸಂಜೆಯ ಪ್ರಾರ್ಥನೆಗಳಲ್ಲಿ ಇಂದಿಗೂ ಹಾಡುವ "ಅಬೈಡ್ ವಿತ್ ಮಿ" ಬರೆದ ಹೆನ್ರಿ ಲೈಟ್ 1793ರಲ್ಲಿ ಹುಟ್ಟಿದ. ಸೇತುವೆಯ ಮೇಲೆ ಲೈಟ್‌ನ ನೆನಪಿನ ಫಲಕವಿದೆ. ಥಾಮ್ಸನ್ ಹುಟ್ಟಿದಾಗ ಕುಕ್‌ನ ಅಪ್ಪ ಆರು ವರ್ಷದ ಹುಡುಗ. ಅಲೆಗಳ ಹಾಡು ಬರೆಯಲಿದ್ದ ಕೂಸನ್ನು ಅವನು ಈ ಬೀದಿಯಲ್ಲೇ ನೋಡಿರಬೇಕು.

ಚರ್ಚಿನ ಬೇಲಿಯ ಹತ್ತಿರ ಗುಲಾಬಿ ಗಿಡ ಸವರುತ್ತಿದ್ದ ಮುದುಕರೊಬ್ಬರು, "ನೀವು ಕುಕ್ ಮನೆಯವರ ಸಂಬಂಧಿಯೇ?" ಎಂದು ಗಂಭೀರವಾಗಿಯೇ ಕೇಳಿದರು. ಭಾರತಕ್ಕೆ ಹೋದ ಸ್ಕಾಟ್ ಜನರ ಮೊಮ್ಮಕ್ಕಳು ಹೀಗೆ ಬರುವುದುಂಟಂತೆ. ಅಲ್ಲ ಎಂದೆ. ನಾಗಬನದ ಕತೆ ಹೇಳಿದೆ. ಕತ್ತರಿ ಕೆಳಗಿಟ್ಟು ಕೇಳಿಸಿಕೊಂಡರು. ಬದಲಿಗೆ ಅವರೊಂದು ಕತೆ ಕೊಟ್ಟರು: ಜೇಮ್ಸ್ ಊರು ಬಿಟ್ಟು ದಕ್ಷಿಣಕ್ಕೆ ಹೊರಟಾಗ ಅವನ ತಾಯಿ "ದೇವರು ನಿನಗೆ ಗ್ರೇಸ್ ಕೊಡಲಿ" ಎಂದು ಹರಸಿದಳಂತೆ. ಗ್ರೇಸ್ ಎಂದರೆ ದೇವರ ಕೃಪೆ. ಯಾರ್ಕ್‌ಷೈರ್‌ನಲ್ಲಿ ಅವನು ಕೈಹಿಡಿದ ಹುಡುಗಿಯ ಹೆಸರೂ ಗ್ರೇಸ್. "ಕತೆಯೋ ನಿಜವೋ, ನಮ್ಮಜ್ಜಿ ಹೇಳುತ್ತಿದ್ದಳು" ಎಂದರು.

ಮಾತಿನಲ್ಲಿ ಹೊತ್ತು ಹೋದದ್ದು ತಿಳಿಯಲಿಲ್ಲ. ವಾಪಸು ಹೋಗುವ ಬಸ್ಸು ತಪ್ಪಿತು. ಮೇ ತಿಂಗಳಲ್ಲಿ ಅಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕು. ಹಳದಿ ಹೊಲಗಳ ನಡುವೆ ಮತ್ತೆ ನಡೆದೆ.

ಎರಡನೆಯ ದಿನ: ಸ್ಟೇಂಟನ್, ಮಾರ್ಟನ್

ಬೇಕರಿಯ ಹೆಂಗಸು ಹೇಳಿದಂತೆಯೇ ಮಳೆ. ಬೆರಿಕ್‌ವರೆಗೆ ಬಸ್ಸು, ಮುಂದೆ ರೈಲುಗಳನ್ನು ಬದಲಿಸುತ್ತಾ ಮಿಡಲ್ಸ್‌ಬರೊ. ಎರಡು ರಾಜ್ಯಗಳು ನೂರಾರು ವರ್ಷ ಹೊಡೆದಾಡಿದ ಗಡಿ ಕಿಟಕಿಯಾಚೆ ನೀರಿಳಿಯುವ ಗಾಜಿನಲ್ಲಿ ದಾಟಿಹೋಯಿತು. 1707ರಲ್ಲಿ ಎರಡೂ ಒಂದಾದವು. ಆಗ ನಮ್ಮ ಜೇಮ್ಸ್‌ಗೆ ಹದಿಮೂರು ವರ್ಷ.

1725ರ ಅಕ್ಟೋಬರ್ 10ರಂದು ಅವನು ಥಾರ್ನಬಿಯ ಗ್ರೇಸ್ ಪೇಸ್‌ಳನ್ನು ಮದುವೆಯಾದದ್ದು ಸ್ಟೇಂಟನ್‌ನ ಚರ್ಚಿನಲ್ಲಿ. ನಾನು ಹೋದಾಗ ಬಾಗಿಲಿಗೆ ಬೀಗ. ಮಳೆಯಲ್ಲಿ ಸಮಾಧಿಗಳ ನಡುವೆ ಸುತ್ತಿ ಹೊರಟೆ. ಇಂಥ ಹಳ್ಳಿಯ ಚರ್ಚುಗಳು ಎಲ್ಲ ಹೊತ್ತೂ ತೆರೆದಿರುವುದಿಲ್ಲ, ಒಳಗೆ ನೋಡಬೇಕೆಂದರೆ ಮೊದಲೇ ಕೇಳಿಟ್ಟುಕೊಳ್ಳಬೇಕು.

ಮಾರ್ಟನ್ ಈಗ ಮಿಡಲ್ಸ್‌ಬರೊ ನಗರದ ಬಡಾವಣೆ. ದಿನಗೂಲಿಯ ಮಣ್ಣಿನ ಗೋಡೆಯ ಗುಡಿಸಲಿನಲ್ಲಿ ಕುಕ್ ಹುಟ್ಟಿದ ಜಾಗ ಸ್ಟುವರ್ಟ್ ಪಾರ್ಕ್ ಎಂಬ ಉದ್ಯಾನದೊಳಗಿದೆ. ಗುಡಿಸಲು ಎಂದೋ ಹೋಯಿತು, ಗುರುತಿಗೆ ಗ್ರಾನೈಟಿನ ಕಲಶವೊಂದನ್ನು ನಿಲ್ಲಿಸಿದ್ದಾರೆ. ಪಕ್ಕದಲ್ಲಿ 1978ರಲ್ಲಿ, ಅವನು ಹುಟ್ಟಿ 250 ವರ್ಷ ತುಂಬಿದಾಗ ತೆರೆದ ವಸ್ತುಸಂಗ್ರಹಾಲಯ.

ಇಲ್ಲಿ ಹೊಸಬರನ್ನು ತಬ್ಬಿಬ್ಬುಗೊಳಿಸುವ ಒಂದು ಸಂಗತಿಯಿದೆ. ಪುಸ್ತಕಗಳಲ್ಲಿ ಕುಕ್ ಹುಟ್ಟಿದ್ದು 1728ರ ನವೆಂಬರ್ 7. ಚರ್ಚಿನ ಪುಸ್ತಕದಲ್ಲಿ ದೀಕ್ಷಾಸ್ನಾನವಾದದ್ದು ನವೆಂಬರ್ 3. ಹುಟ್ಟುವ ಮೊದಲೇ ಹೆಸರಿಟ್ಟರೇ? ಬ್ರಿಟನ್ 1752ರಲ್ಲಿ ಪಂಚಾಂಗ ಬದಲಿಸಿ ಹನ್ನೊಂದು ದಿನ ಮುಂದೆ ಹಾರಿತು. ಹಳೆಯ ಲೆಕ್ಕದಲ್ಲಿ ಅವನು ಹುಟ್ಟಿದ್ದು ಅಕ್ಟೋಬರ್ 27. ಇಷ್ಟೇ ಅಲ್ಲ, ಆ ಬದಲಾವಣೆಗೆ ಮೊದಲು ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ, ಸ್ಕಾಟ್ಲೆಂಡಿನಲ್ಲಿ 1600ರಿಂದಲೇ ಜನವರಿ 1ಕ್ಕೆ. ಗಡಿಯ ಎರಡೂ ಕಡೆ ಹಿರಿಯರನ್ನು ಹುಡುಕುವವರು ಇದನ್ನು ಮರೆತರೆ ಒಂದು ವರ್ಷವೇ ಹೆಚ್ಚುಕಡಿಮೆಯಾಗುತ್ತದೆ. ಚಾಂದ್ರಮಾನ ಸೌರಮಾನಗಳ ನಡುವೆ ಬೆಳೆದ ನಮಗೆ ಇದು ಬೇಗ ಅರ್ಥವಾಗುತ್ತದೆ.

ಅದೇ ದೀಕ್ಷಾಸ್ನಾನದ ನಮೂದಿನಲ್ಲಿ ಮಗುವಿನ ತಂದೆಯ ಹೆಸರಿನ ಮುಂದೆ "ದಿನಗೂಲಿ" ಎಂದಿದೆ. ಆ ಒಂದು ಶಬ್ದದ ಮುಂದೆ ನಾನು ಬಹಳ ಹೊತ್ತು ನಿಂತೆ.

ರಾತ್ರಿ ಊಟಕ್ಕೆ ಪಾರ್ಮೊ. ಕೋಳಿಮಾಂಸವನ್ನು ಬಡಿದು ಹಪ್ಪಳದಂತೆ ಅಗಲಿಸಿ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಕರಿದು, ಮೇಲೆ ಬಿಳಿ ಸಾಸು ಮತ್ತು ಚೀಸ್ ಸುರಿದು ಬೇಯಿಸುತ್ತಾರೆ. ಈ ಊರಿನವರಿಗೆ ಅದೆಂದರೆ ಪ್ರಾಣ. ಅರ್ಧ ಪಾರ್ಮೊ ಕೇಳಿ ತೆಗೆದುಕೊಳ್ಳಿ, ಅದೇ ಇಬ್ಬರಿಗೆ ಸಾಕು.

ಮೂರನೆಯ ದಿನ: ಗ್ರೇಟ್ ಏಟನ್

ಎಸ್ಕ್ ಕಣಿವೆಯ ರೈಲು ದಿನಕ್ಕೆ ಕೆಲವೇ ಸಲ ಓಡುತ್ತದೆ. ವೇಳಾಪಟ್ಟಿ ನೋಡಿಕೊಂಡೇ ಹೊರಡಬೇಕು. ಮಗಳು ಈ ದಿನ ಜೊತೆಗೂಡಿದಳು.

1736ರಲ್ಲಿ, ಕುಕ್‌ಗೆ ಎಂಟು ವರ್ಷವಾಗಿದ್ದಾಗ, ದಿನಗೂಲಿ ಅಪ್ಪನಿಗೆ ಏರಿಹೋಮ್ ಎಂಬ ಜಮೀನಿನ ಮೇಲ್ವಿಚಾರಕನ ಕೆಲಸ ಸಿಕ್ಕಿತು. ಜಮೀನಿನ ಒಡೆಯ ಥಾಮಸ್ ಸ್ಕಾಟೊ ಹುಡುಗನ ಶಾಲೆಯ ಖರ್ಚು ಕೊಟ್ಟ. ಆ ಪುಟ್ಟ ಶಾಲೆ ಈಗ ವಸ್ತುಸಂಗ್ರಹಾಲಯ. ಶಾಂತ ಸಾಗರದ ನಕ್ಷೆ ಬರೆದ ಕೈ ಅಕ್ಷರ ತಿದ್ದಿದ್ದು ಇಲ್ಲಿ. ಒಡೆಯನೊಬ್ಬ ಒಕ್ಕಲಿನವನ ಮಗನ ಓದಿಗೆ ಕೊಟ್ಟ ನಾಲ್ಕು ಕಾಸು ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ.

ಚರ್ಚಿನ ಹಿತ್ತಲಿನಲ್ಲಿ ತಾಯಿ ಗ್ರೇಸ್‌ಳ ಸಮಾಧಿ. ಎಳೆಯ ಪ್ರಾಯದಲ್ಲೇ ತೀರಿಕೊಂಡ ಮಕ್ಕಳ ಹೆಸರುಗಳೂ ಅದೇ ಕಲ್ಲಿನ ಮೇಲೆ. ಮಗಳು ಒಂದೊಂದಾಗಿ ಓದುತ್ತಾ, "ಅಮ್ಮ, ಇಲ್ಲಿ ಜೇನ್ ಇದ್ದಾಳೆ" ಎಂದಳು. ನನ್ನ ಮೈ ಜುಮ್ಮೆಂದಿತು. ಎಡ್ನಮ್‌ನ ಅಜ್ಜಿ ಜೀನ್. ನಾನು ಚೀಲದಿಂದ ಟಿಪ್ಪಣಿ ಪುಸ್ತಕ ತೆಗೆದೆ. ಸ್ಕಾಟ್ಲೆಂಡಿನ ಸಂಪ್ರದಾಯದಂತೆ ಚೊಚ್ಚಲ ಮಗನಿಗೆ ಅಪ್ಪನ ಅಪ್ಪನ ಹೆಸರು. ಗ್ರೇಸ್ ಮತ್ತು ಜೇಮ್ಸ್‌ರ ಚೊಚ್ಚಲ ಮಗ ಜಾನ್, ಎಡ್ನಮ್‌ನ ಅಜ್ಜ ಜಾನ್ ಕುಕ್. ಅಪ್ಪ ತನ್ನ ಊರಿನಿಂದ ಹೊಲ ತರಲಿಲ್ಲ, ಹಣ ತರಲಿಲ್ಲ. ಅಪ್ಪ ಅಮ್ಮನ ಹೆಸರನ್ನು ತಂದು ಮಕ್ಕಳಿಗೆ ಇಟ್ಟಿದ್ದ. ನಮ್ಮಲ್ಲೂ ಅಜ್ಜನ ಹೆಸರು ಮೊಮ್ಮಗನಿಗೆ ಬರುತ್ತದೆ, ಆ ಮಗುವನ್ನು ಗದರುವಾಗ ಹೆಸರು ಹಿಡಿದು ಬೈಯಲು ಹಿರಿಯರು ಹಿಂಜರಿಯುತ್ತಾರೆ.

ಅಪ್ಪ 1755ರಲ್ಲಿ ಕಟ್ಟಿಸಿದ ಮನೆ ಈಗ ಊರಿನಲ್ಲಿಲ್ಲ. ಬಾಗಿಲ ಮೇಲಿನ ಕಲ್ಲಿನಲ್ಲಿ ತನ್ನ ಮತ್ತು ಗ್ರೇಸ್‌ಳ ಹೆಸರಿನ ಮೊದಲಕ್ಷರಗಳನ್ನು ಕೆತ್ತಿಸಿದ್ದ ಆ ಮನೆಯನ್ನು ಕಲ್ಲು ಕಲ್ಲಾಗಿ ಬಿಚ್ಚಿ, 253 ಪೆಟ್ಟಿಗೆ ಮತ್ತು 40 ಪೀಪಾಯಿಗಳಲ್ಲಿ ತುಂಬಿ ಹಡಗಿನಲ್ಲಿ ಆಸ್ಟ್ರೇಲಿಯಕ್ಕೆ ಒಯ್ದರು. 1934ರಿಂದ ಅದು ಮೆಲ್ಬೋರ್ನಿನ ಉದ್ಯಾನದಲ್ಲಿದೆ. ಮನೆಯಿದ್ದ ಜಾಗದಲ್ಲಿ ಆಸ್ಟ್ರೇಲಿಯದ ಪಾಯಿಂಟ್ ಹಿಕ್ಸ್‌ನಿಂದ ತಂದ ಕಲ್ಲಿನ ಸ್ತಂಭ ನಿಂತಿದೆ. ಮನೆ ಕೊಟ್ಟು ಕಲ್ಲು ತಂದುಕೊಂಡ ಈ ವಿನಿಮಯ ನನಗೆ ಸರಿಬರಲಿಲ್ಲ. ಊರಿನ ಮಣ್ಣಿನಿಂದ ಮನೆಯನ್ನು ಕಿತ್ತು ಒಯ್ಯಬಾರದಿತ್ತು. ಮಗ ಆ ಮನೆಯಲ್ಲಿ ಬೆಳೆದವನೂ ಅಲ್ಲ, ಅದು ಅಪ್ಪ ಅಮ್ಮನ ಮುದಿವಯಸ್ಸಿನ ಮನೆ.

ಮಧ್ಯಾಹ್ನ ಈಸ್‌ಬಿ ಮೂರ್ ಗುಡ್ಡ ಹತ್ತಿದೆವು. ಹಿಂದಿನ ದಿನದ ಮಳೆಗೆ ಕಾಡಿನ ದಾರಿ ಕೆಸರೆದ್ದಿತ್ತು. ಇಳಿಜಾರಿನಲ್ಲಿ ಕಾಲು ಜಾರಿ ಮಂಡಿಯೂರಿ ಬಿದ್ದೆ. ಮೇಲಿನಿಂದ ಇಳಿಯುತ್ತಿದ್ದ ದಂಪತಿ ಕೈಹಿಡಿದು ಎಬ್ಬಿಸಿ, ತಮ್ಮ ಊರುಗೋಲೊಂದನ್ನು ಕೊಟ್ಟು, "ಕೆಳಗೆ ಗೇಟಿನ ಹತ್ತಿರ ಬಿಟ್ಟುಹೋಗಿ, ನಾಳೆ ಬಂದಾಗ ತೆಗೆದುಕೊಳ್ಳುತ್ತೇವೆ" ಎಂದರು. ಗುಡ್ಡದ ನೆತ್ತಿಯಲ್ಲಿ 1827ರಲ್ಲಿ ನಿಲ್ಲಿಸಿದ 51 ಅಡಿ ಎತ್ತರದ ಸ್ಮಾರಕ. ಒಂದು ಕಡೆ ರೋಸ್‌ಬೆರಿ ಟಾಪಿಂಗ್ ಎಂಬ ಕೊಕ್ಕಿನಾಕಾರದ ಬೆಟ್ಟ, ಅದರ ಬುಡದಲ್ಲಿ ಏರಿಹೋಮ್ ಜಮೀನು, ದೂರದಲ್ಲಿ ಸೀಸದ ಬಣ್ಣದ ಸಮುದ್ರ. ಹೊಲದಲ್ಲಿ ಕೆಲಸ ಮಾಡುತ್ತಿದ್ದ ಹುಡುಗ ಈ ಗುಡ್ಡಗಳಿಗೆ ಹತ್ತಿದಾಗಲೆಲ್ಲ ಸಮುದ್ರ ಕಂಡಿರುತ್ತದೆ.

ನಾಲ್ಕನೆಯ ದಿನ: ಸ್ಟೇತ್ಸ್, ವಿಟ್ಬಿ

ಕರಾವಳಿಯ ಬಸ್ಸು. ಸ್ಟೇತ್ಸ್‌ನಲ್ಲಿ ಇಳಿದಾಗ ಊರೇ ಕಾಣಲಿಲ್ಲ. ಸಮುದ್ರದಿಂದ ಎದ್ದ ಮಂಜು ಬೀದಿಗಳನ್ನು ನುಂಗಿತ್ತು. ಇಲ್ಲಿಯವರು ಇದನ್ನು ಫ್ರೆಟ್ ಎನ್ನುತ್ತಾರೆ. ಬಂದರಿನಿಂದ ಬೆಳ್ಳಕ್ಕಿಗಿಂತ ದೊಡ್ಡ ಹಕ್ಕಿಗಳ ಕೂಗು ಮಾತ್ರ. 1745ರಲ್ಲಿ ಅಪ್ಪ ಮಗನನ್ನು ಇಲ್ಲಿ ವಿಲಿಯಂ ಸ್ಯಾಂಡರ್ಸನ್ ಎಂಬಾತನ ಅಂಗಡಿಯಲ್ಲಿ ಕೆಲಸಕ್ಕೆ ಬಿಟ್ಟ. ಮೂಲ ಅಂಗಡಿಯನ್ನು ಸಮುದ್ರವೇ ಕೊಚ್ಚಿಕೊಂಡು ಹೋಯಿತು. ಹುಡುಗನೂ ಒಂದೂವರೆ ವರ್ಷದಲ್ಲಿ ಸಮುದ್ರದ ಕಡೆಗೇ ಹೋದ.

ವಿಟ್ಬಿಯಲ್ಲಿ ಅವನು ಜಾನ್ ವಾಕರ್ ಎಂಬ, ಕ್ವೇಕರ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿದ ಹಡಗು ಮಾಲೀಕನ ಬಳಿ ಸೇರಿಕೊಂಡ. ಟೈನ್ ನದಿಯಿಂದ ಲಂಡನ್ನಿಗೆ ಕಲ್ಲಿದ್ದಲು ಒಯ್ಯುವ ಹಡಗುಗಳು ಅವು. ಹೊಟ್ಟೆ ಅಗಲ, ತಳ ಚಪ್ಪಟೆ, ಇಳಿತದ ವೇಳೆ ಮರಳಿನ ಮೇಲೆ ನೆಟ್ಟಗೆ ಕೂರುವಂಥವು. ಮುಂದೆ ಕುಕ್‌ನನ್ನು ಹೊತ್ತು ಲೋಕ ಸುತ್ತಿದ ಎಂಡೆವರ್ ಕೂಡ 1764ರಲ್ಲಿ ಇಲ್ಲಿಯೇ ಕಟ್ಟಿದ ಕಲ್ಲಿದ್ದಲ ಹಡಗು. ಇದನ್ನು ಓದುವಾಗ ಅಜ್ಜಯ್ಯನ ಮಾತು ನೆನಪಾಯಿತು: ಹೆಂಚಿನ ಮಂಜಿ ನಡೆಸಿದವನು ಯಾವ ಹಡಗನ್ನಾದರೂ ನಡೆಸುತ್ತಾನೆ, ಏಕೆಂದರೆ ಹೆಂಚು ಒಡೆದರೆ ಸಾಹುಕಾರ ಸಂಬಳ ಹಿಡಿಯುತ್ತಾನೆ.

ವಾಕರ್ ಮನೆಯ ಒಂದು ಕತೆ ಇಲ್ಲಿಯವರಿಗೆ ಪ್ರಿಯ. ಮೊದಲ ಮಹಾಯಾನ ಮುಗಿಸಿದ ಕುಕ್ 1771ರ ಕೊನೆಯಲ್ಲಿ ಏಟನ್‌ನಲ್ಲಿದ್ದ ಅಪ್ಪನನ್ನು ನೋಡಲು ಬಂದವನು ವಿಟ್ಬಿಗೂ ಬಂದ. ಮನೆಯ ಕೆಲಸದ ಮೇರಿ ಪ್ರೌಡ್‌ಗೆ, ಈಗ ಅವನು ದೊಡ್ಡ ಅಧಿಕಾರಿ, ಮರ್ಯಾದೆಯಿಂದ ಮಾತಾಡಿಸು ಎಂದು ಹೇಳಿಟ್ಟಿದ್ದರು. ಅವನು ಬಾಗಿಲಲ್ಲಿ ಕಂಡೊಡನೆ ಅವಳಿಗೆ ಎಲ್ಲ ಮರೆತುಹೋಯಿತು. ಕಂದಾ ಜೇಮ್ಸ್, ನಿನ್ನನ್ನು ಕಂಡು ಎಷ್ಟು ಸಂತೋಷವಾಯಿತು ಎಂದು ತೋಳು ಚಾಚಿ ಓಡಿದಳಂತೆ.

1774ರಲ್ಲಿ ಶಾಂತ ಸಾಗರದ ಎರಡು ದ್ವೀಪಸ್ತೋಮಗಳಿಗೆ ಕುಕ್ ಇಟ್ಟ ಹೆಸರು ನ್ಯೂ ಹೆಬ್ರಿಡೀಸ್, ನ್ಯೂ ಕ್ಯಾಲೆಡೋನಿಯ. ಎರಡೂ ಸ್ಕಾಟ್ಲೆಂಡಿನ ಹೆಸರುಗಳು. ಅಲ್ಲಿ ಬಾಳುತ್ತಿದ್ದ ಜನರಿಗೆ ತಮ್ಮ ನೆಲಕ್ಕೆ ತಮ್ಮದೇ ಹೆಸರುಗಳಿದ್ದವು, ಈ ಹಡಗುಗಳ ಹಿಂದೆ ಬಂದ ಆಳ್ವಿಕೆಯ ನೋವನ್ನು ಅವರು ಇಂದಿಗೂ ಹೇಳುತ್ತಾರೆ. ನ್ಯೂ ಹೆಬ್ರಿಡೀಸ್ 1980ರಲ್ಲಿ ಸ್ವತಂತ್ರವಾಗಿ ವನುವಾಟು ಎಂಬ ಹೆಸರು ಪಡೆಯಿತು. ಅದು ನ್ಯಾಯವೇ. ಆದರೂ ಅಪ್ಪನ ದೇಶದ ಹೆಸರನ್ನು ಮಗ ಅಷ್ಟು ದೂರ ಹೊತ್ತೊಯ್ದಿದ್ದ ಎಂಬುದು ನನ್ನ ಮನಸ್ಸಿನಿಂದ ಹೋಗಲಿಲ್ಲ.

ಸಂಜೆ ಹೊಗೆಯಲ್ಲಿ ಒಣಗಿಸಿದ ಹೆರಿಂಗ್ ಮೀನು ಸಿಕ್ಕಿತು. ಮುಟ್ಟಿದೊಡನೆ ಬೆರಳಿಗೆ ಹತ್ತಿದ ಆ ವಾಸನೆ ಗಂಗೊಳ್ಳಿಯ ಒಣಮೀನಿನ ಸಂತೆಯನ್ನು ಕಣ್ಣಮುಂದೆ ತಂದಿತು. ಗಂಜಿಯೊಂದಿದ್ದರೆ ಪೂರ್ಣವಾಗುತ್ತಿತ್ತು.

ಐದನೆಯ ದಿನ: ಮಾರ್ಸ್ಕ್, ಮತ್ತು ಒಂದು ನಿಲ್ದಾಣ

ಗ್ರೇಸ್ ತೀರಿಕೊಂಡ ಮೇಲೆ ಮುದುಕ ಕೊನೆಯ ದಿನಗಳನ್ನು ಕಳೆದದ್ದು ರೆಡ್‌ಕಾರ್‌ನಲ್ಲಿ, ಫ್ಲೆಕ್ ಎಂಬ ಮೀನುಗಾರನನ್ನು ಮದುವೆಯಾಗಿದ್ದ ಮಗಳು ಮಾರ್ಗರೆಟ್‌ಳ ಮನೆಯಲ್ಲಿ. 1779ರ ಏಪ್ರಿಲ್‌ನಲ್ಲಿ ತೀರಿಕೊಂಡಾಗ ಪಕ್ಕದ ಮಾರ್ಸ್ಕ್‌ನ ಸೇಂಟ್ ಜರ್ಮೇನ್ ಚರ್ಚಿನಲ್ಲಿ ಮಣ್ಣು ಮಾಡಿದರು. ಚರ್ಚಿನ ದೇಹ ಈಗಿಲ್ಲ. ಗೋಪುರವೊಂದೇ ದಿಬ್ಬದ ಮೇಲೆ ಸಮುದ್ರಕ್ಕೆ ಮುಖಮಾಡಿ ನಿಂತಿದೆ. ಗಾಳಿ ಎಷ್ಟು ಬಲವಾಗಿತ್ತೆಂದರೆ ಛತ್ರಿ ತಿರುವುಮುರುವಾಗಿ ಕಡ್ಡಿ ಮುರಿಯಿತು.

ಗೋಡೆಯ ಮರೆಯಲ್ಲಿ ಕುಳಿತು ತಾರೀಖುಗಳನ್ನು ಎಣಿಸಿದೆ. ಮಗ ಹವಾಯಿಯ ಕೆಅಲಕೆಕುವಾ ಕೊಲ್ಲಿಯಲ್ಲಿ ಸತ್ತದ್ದು 1779ರ ಫೆಬ್ರವರಿ 14ರಂದು. ಅಪ್ಪ ಸತ್ತದ್ದು ಅದಾದ ಏಳು ವಾರಗಳ ಆಸುಪಾಸಿನಲ್ಲಿ. ಸುದ್ದಿ ಲಂಡನ್ ಮುಟ್ಟಿದ್ದು 1780ರ ಜನವರಿಯಲ್ಲಿ. ಮಗನನ್ನು ಇನ್ನೂ ಕಾಯುತ್ತಲೇ ಮುದುಕ ಕಣ್ಣು ಮುಚ್ಚಿದ್ದ. ಅಜ್ಜಯ್ಯನ ಮಂಜಿ ಹೊತ್ತಿಗೆ ಬಾರದ ದಿನಗಳಲ್ಲಿ ಮನೆಯ ಹೆಂಗಸರು ಕಡಲ ಕಡೆಯ ಜಗಲಿಯಲ್ಲಿ ಕೂರುತ್ತಿದ್ದರಂತೆ.

ಕುಕ್‌ಗೆ ಆರು ಮಕ್ಕಳು. ಮೂವರು ಎಳೆಯರಾಗಿಯೇ ಹೋದರು. ನಥಾನಿಯಲ್ 1780ರಲ್ಲಿ ಚಂಡಮಾರುತಕ್ಕೆ ಸಿಕ್ಕ ಹಡಗಿನೊಂದಿಗೆ ಮುಳುಗಿದ. ಹ್ಯೂ 1793ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಓದುವಾಗ ಜ್ವರಕ್ಕೆ ಬಲಿಯಾದ. ಹಿರಿಯ ಮಗ ಜೇಮ್ಸ್ ಮರು ತಿಂಗಳೇ ನೀರುಪಾಲಾದ. ಹೆಂಡತಿ ಎಲಿಜಬೆತ್ ಐವತ್ತಾರು ವರ್ಷ ವಿಧವೆಯಾಗಿ ಬದುಕಿ 1835ರಲ್ಲಿ ತೀರಿಕೊಂಡಳು. ಮೊಮ್ಮಕ್ಕಳಿಲ್ಲ. ಎಲ್ಲರೂ ಬರೆಯುವಂತೆ ವಂಶ ಅಲ್ಲಿಗೆ ನಿಂತಿತು.

ಹುಲ್ಲು ಕೀಳುತ್ತಿದ್ದ ಸ್ಥಳೀಯ ಹೆಂಗಸೊಬ್ಬರಿಗೆ ನಾನು ಹೇಳಿದೆ, "ನಮ್ಮ ಲೆಕ್ಕದಲ್ಲಿ ವಂಶ ನಿಂತಿಲ್ಲ. ನಮ್ಮ ಹಳೆಯ ಕಟ್ಟಿನಲ್ಲಿ ಗಂಡಸಿನ ಆಸ್ತಿ, ಮನೆತನ ಎಲ್ಲ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತಿತ್ತು. ಮಾರ್ಗರೆಟ್‌ಳ ಮಕ್ಕಳೇ ಕುಕ್‌ನ ವಾರಸುದಾರರು." ಅವರು ಕೈಯ ಮಣ್ಣು ಒರೆಸಿಕೊಂಡು ಯೋಚಿಸಿದರು. "ಹಾಗಾದರೆ ನೀವು ಎಡ್ನಮ್‌ಗೆ ಯಾಕೆ ಹೋದಿರಿ? ಅದು ಅಪ್ಪನ ಊರಲ್ಲವೇ?" ಎಂದರು.

ದೊಡ್ಡಮಾವ ಇದ್ದಿದ್ದರೆ ಇದೇ ಮಾತು ಕೇಳುತ್ತಿದ್ದರು. ಮೂಲ ಅಮ್ಮನ ಕಡೆಯದು. ಗ್ರೇಸ್ ಪೇಸ್ ಥಾರ್ನಬಿಯವಳು. ಕಳೆದ ನಾಲ್ಕು ದಿನಗಳಲ್ಲಿ ಆ ನಿಲ್ದಾಣದ ಹೆಸರನ್ನು ರೈಲಿನ ಕಿಟಕಿಯಿಂದ ಓದಿದ್ದೆ, ಇಳಿದಿರಲಿಲ್ಲ.

ವಾಪಸಿನ ರೈಲು ಮಿಡಲ್ಸ್‌ಬರೊ ದಾಟಿ ಥಾರ್ನಬಿಯಲ್ಲಿ ನಿಂತಿತು. ಚೀಲ ಹೆಗಲಿಗೇರಿಸಿ ಇಳಿದೆ. ದಾರಿ ಕೇಳಿಕೊಂಡು ಹಳೆಯ ಊರಿನ ಹಸಿರು ಬಯಲಿಗೆ ನಡೆದೆ. ಬಯಲಿನ ಅಂಚಿನಲ್ಲಿ ನಮ್ಮ ಮನೆಯ ಕೊಟ್ಟಿಗೆಯಷ್ಟು ಪುಟ್ಟ, ಹಳೆಯ ಕಲ್ಲಿನ ಚರ್ಚು. ಬಾಗಿಲು ಮುಚ್ಚಿತ್ತು. ಚಪ್ಪಲಿ ಬಿಚ್ಚಿಟ್ಟು ಹುಲ್ಲಿನ ಮೇಲೆ ಒಂದು ಸುತ್ತು ಬಂದೆ. ಮುಂದಿನ ರೈಲಿಗೆ ಇನ್ನೂ ಹೊತ್ತಿತ್ತು.